ಬಾಕಾ ಕಣಿವೆ: ಸಾಕ್ಷ್ಯವೋ, ಸದ್ದಿನ ಹೋಲಿಕೆಯೋ?

ಬೈಬಲಿನ ಕೀರ್ತನೆಗಳಲ್ಲಿ 84ನೆಯದು ಯಾತ್ರಿಕನೊಬ್ಬನ ಹಾಡು. ದೇವಾಲಯದ ಅಂಗಳವನ್ನು ಕಾಣಲು ಅವನ ಜೀವ ಹಾತೊರೆಯುತ್ತಿದೆ. ಅಲ್ಲಿ ಗೂಡು ಕಟ್ಟಿಕೊಂಡ ಹಕ್ಕಿಗಳ ಭಾಗ್ಯವೂ ಅವನಿಗೆ ದೊಡ್ಡದಾಗಿ ಕಾಣುತ್ತದೆ. ಹಾಡಿನ ನಡುವೆ, ಆರನೆಯ ವಚನದಲ್ಲಿ, ಯಾತ್ರಿಕರು ಒಂದು ಕಣಿವೆಯನ್ನು ಹಾಯುತ್ತಾರೆ. ಅವರು ಹಾದುಹೋಗುತ್ತಿದ್ದಂತೆ ಅದು ಒರತೆಗಳ ತಾಣವಾಗುತ್ತದೆ. ಆ ಕಣಿವೆಯ ಹೆಸರು ಬಾಕಾ.

ಇಡೀ ಬೈಬಲಿನಲ್ಲಿ ಈ ಕಣಿವೆಯ ಪ್ರಸ್ತಾಪವಿರುವುದು ಇದೊಂದೇ ಕಡೆ. ಅದು ಯಾವ ಊರಿನ ಪಕ್ಕದಲ್ಲಿತ್ತು, ಯಾವ ದಿಕ್ಕಿಗಿತ್ತು ಎಂಬ ಸುಳಿವಿಲ್ಲ. ಆದರೂ ಈ ಎರಡಕ್ಷರದ ಹೆಸರು ಇಂದು ವಾದವಿವಾದಗಳ ವೇದಿಕೆಯಲ್ಲಿ ದೊಡ್ಡ ಭಾರ ಹೊತ್ತು ನಿಂತಿದೆ. ಪವಿತ್ರ ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯದ 96ನೆಯ ಸೂಕ್ತವು ಮನುಷ್ಯರಿಗಾಗಿ ಸ್ಥಾಪಿತವಾದ ಮೊತ್ತಮೊದಲ ಆರಾಧನಾಲಯ ಬಕ್ಕದಲ್ಲಿದೆ ಎನ್ನುತ್ತದೆ. ಮಕ್ಕ ಎಂಬ ರೂಪ ಕುರ್‌ಆನಿನಲ್ಲಿ ಬರುವುದು ಒಮ್ಮೆ ಮಾತ್ರ, ಅಲ್ ಫತ್‌ಹ್ ಅಧ್ಯಾಯದ 24ನೆಯ ಸೂಕ್ತದಲ್ಲಿ. ಬಕ್ಕ ಎಂಬ ರೂಪವೂ ಒಮ್ಮೆಯೇ. ಹಾಗಾದರೆ ಝಬೂರಿನ ಬಾಕಾ ಎಂದರೆ ಕುರ್‌ಆನಿನ ಬಕ್ಕವೇ, ಪ್ರವಾದಿ ದಾವೂದ್(ಅ) ಮಕ್ಕದ ಯಾತ್ರೆಯನ್ನೇ ಹಾಡಿದ್ದಾರೆ ಎಂಬುದು ವಾದ. ನಮ್ಮ ಕಿರುಹೊತ್ತಗೆಗಳಲ್ಲಿ, ಭಾಷಣಗಳಲ್ಲಿ, ಧರ್ಮಗಳ ನಡುವಿನ ಸಂವಾದ ಸಭೆಗಳಲ್ಲಿ ಇದನ್ನು ಇತ್ಯರ್ಥವಾದ ಸಂಗತಿಯೆಂಬಂತೆ ಮಂಡಿಸುವವರಿದ್ದಾರೆ. ಮಾರ್ಟಿನ್ ಲಿಂಗ್ಸ್ 1983ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ, ಬಹಳ ಓದುಗರನ್ನು ಗಳಿಸಿದ ಪ್ರವಾದಿ(ಸ) ಚರಿತ್ರೆಯ ಮೊದಲ ಅಧ್ಯಾಯದಲ್ಲೇ ಈ ಕೀರ್ತನೆಯನ್ನು ಮಕ್ಕದ ಕಣಿವೆಗೆ ಹೊಂದಿಸಿಕೊಂಡಿದ್ದಾರೆ.

ಈ ವಾದದ ಆಕರ್ಷಣೆ ನಮಗೂ ಅರ್ಥವಾಗುತ್ತದೆ. ಒಣ ಕಣಿವೆ, ಅಲ್ಲಿ ಚಿಮ್ಮುವ ನೀರು, ದೇವಭವನದ ಕಡೆಗೆ ನಡೆಯುವ ಯಾತ್ರಿಕರು. ಇಷ್ಟನ್ನು ಓದಿದ ಯಾವ ಮುಸ್ಲಿಮನ ಕಣ್ಣೆದುರಿಗೂ ಬೆಳೆ ಬೆಳೆಯದ ಕಣಿವೆಯಲ್ಲಿ ಮಗುವಿನೊಂದಿಗೆ ಒಂಟಿಯಾಗಿ ಉಳಿದ ಹಾಜಿರಾ, ಸಫಾ ಮರ್ವಾಗಳ ನಡುವಿನ ಓಟ, ಝಮ್‌ಝಮ್ ಬಂದು ನಿಲ್ಲುತ್ತವೆ. ಆದರೆ ಚಿತ್ರ ಹೊಂದಿತು ಎಂದ ಮಾತ್ರಕ್ಕೆ ಹೆಸರೂ ಹೊಂದಿತು ಎನ್ನಲಾಗದು. ಹೆಸರನ್ನು ಅದರ ಭಾಷೆಯೊಳಗಿಟ್ಟೇ ನೋಡಬೇಕು.

ಮೊದಲು ನಮ್ಮ ಕಿವಿಯ ಮಾತು. ಕನ್ನಡದಲ್ಲಿ ಬರೆದರೆ ಬಾಕಾ, ಬಕ್ಕ ಎಂಬ ಎರಡಕ್ಕೂ ಒಂದೆರಡು ದೀರ್ಘ, ಒಂದು ಒತ್ತಕ್ಷರದ ಅಂತರ ಮಾತ್ರ. ಅರಬಿಯಲ್ಲಿ ಎರಡು ಬಗೆಯ ಕಕಾರಗಳಿವೆ: ನಮ್ಮ ಕ ಇದ್ದಂತೆ ಒಂದು, ಗಂಟಲ ಬಳಿ ಹುಟ್ಟುವುದು ಇನ್ನೊಂದು. ಕನ್ನಡ ಲಿಪಿಗೆ ಬಂದಾಗ ಎರಡೂ ಒಂದೇ ಕ ಆಗುತ್ತವೆ. ಅಂಗಡಿಯ ಉದ್ದರಿ ಪುಸ್ತಕದ ‘ಬಾಕಿ’ ಅರಬಿಯಿಂದ ಬಂದದ್ದು, ಅದರದು ಗಂಟಲ ಕ. ಅಲ್ ಬಕರ ಅಧ್ಯಾಯದ ಹೆಸರಿನಲ್ಲಿರುವುದೂ, ಲೆಬನಾನಿನ ಬಿಕಾ ಬಯಲಿನ ಹೆಸರಿನಲ್ಲಿರುವುದೂ ಅದೇ. ಅಳು ಎಂಬರ್ಥದ ‘ಬುಕಾ’ದ್ದು ಸಾದಾ ಕ. ಕನ್ನಡದ ಕಿವಿಗೆ ಇವೆಲ್ಲ ಒಂದೇ ಮನೆಯ ಮಕ್ಕಳಂತೆ ಕೇಳಿಸುತ್ತವೆ, ಅರಬಿಯಲ್ಲಿ ಇವುಗಳಿಗೆ ನಂಟೇ ಇಲ್ಲ. ಇಂಗ್ಲಿಷಿನಿಂದ ಓದಿ ಕನ್ನಡದಲ್ಲಿ ವಾದಿಸುವಾಗ ಈ ಸೋರಿಕೆ ಎರಡು ಸಲ ಆಗಿರುತ್ತದೆ.

ಈಗ ಮೂಲದ ಅಕ್ಷರಗಳು. ಕೀರ್ತನೆಯ ಹೀಬ್ರೂ ಪದದಲ್ಲಿ ಮೂರು ವ್ಯಂಜನಗಳಿವೆ: ಬೇತ್, ಕಾಫ್, ಆಲೆಫ್. ಕುರ್‌ಆನಿನ ಬಕ್ಕದಲ್ಲಿ ಬಾ, ಕಾಫ್, ಮತ್ತೊಮ್ಮೆ ಕಾಫ್. ಕೊನೆಗೆ ಸ್ತ್ರೀಲಿಂಗದ ತಾ. ಎಂದರೆ ಧಾತುಗಳೇ ಬೇರೆ. ಹೀಬ್ರೂ ಮತ್ತು ಅರಬಿ ಅಕ್ಕತಂಗಿಯರು ಎಂಬುದು ನಿಜ. ಆದರೆ ಅವುಗಳ ನಂಟು ಕಿವಿಯ ಅಂದಾಜಿನ ಮೇಲೆ ನಿಂತದ್ದಲ್ಲ. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು, ಪಲ್ಲು ಹಲ್ಲಾಯಿತು. ಹೀಗೆ ಪದದ ಮೊದಲಿನ ಪಕಾರ ಒಂದು ಕ್ರಮದಲ್ಲಿ ಹಕಾರವಾದುದರಿಂದಲೇ ನಾವು ಅವನ್ನು ಧೈರ್ಯವಾಗಿ ಜೋಡಿಸುತ್ತೇವೆ. ಸಲಾಮ್ ಮತ್ತು ಶಾಲೋಮ್ ಒಂದೇ ಎನ್ನುವುದೂ ಹೀಗೆಯೇ, ಅರಬಿಯ ಸಕಾರಕ್ಕೆ ಹೀಬ್ರೂವಿನಲ್ಲಿ ಶಕಾರ ಬರುವುದು ಬೇರೆ ಹಲವಾರು ಪದಗಳಲ್ಲೂ ಕಾಣುತ್ತದೆ. ಆಲೆಫ್ ಇರಬೇಕಾದ ಜಾಗದಲ್ಲಿ ಇಮ್ಮಡಿ ಕಾಫ್ ಬಂದು ಕೂರುವುದಕ್ಕೆ ಅಂಥ ಕ್ರಮವೊಂದನ್ನು ಈ ವಾದದವರು ತೋರಿಸಿಕೊಟ್ಟಿಲ್ಲ.

ಹಾಗಾದರೆ ಬಾಕಾ ಎಂದರೇನು? ಇಲ್ಲಿ ಕ್ರೈಸ್ತ ಪ್ರತಿವಾದಿಗಳು ಸಿದ್ಧ ಉತ್ತರವೊಂದನ್ನು ಮುಂದಿಡುತ್ತಾರೆ: ಬಾಕಾ ಎಂದರೆ ಕಣ್ಣೀರು, ಅದು ಕಣ್ಣೀರಿನ ಕಣಿವೆ, ಊರಿನ ಹೆಸರೇ ಅಲ್ಲ, ಚರ್ಚೆ ಮುಗಿಯಿತು. ನಮ್ಮ ದೃಷ್ಟಿಯಲ್ಲಿ ಇದೂ ಅಷ್ಟೇ ಅವಸರದ ಮಾತು. ಅಳು ಎಂಬರ್ಥದ ಹೀಬ್ರೂ ಧಾತು ಮುಗಿಯುವುದು ‘ಹೇ’ ಅಕ್ಷರದಿಂದ, ಆಲೆಫ್‌ನಿಂದ ಅಲ್ಲ. ಅಳುವಿನಿಂದ ಹೆಸರು ಪಡೆದ ತಾಣಗಳು ಬೈಬಲಿನಲ್ಲಿ ಬೇರೆ ಇವೆ. ನ್ಯಾಯಸ್ಥಾಪಕರ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಇಸ್ರಾಯೇಲರು ಅತ್ತ ಜಾಗಕ್ಕೆ ಬೋಕೀಮ್ ಎಂಬ ಹೆಸರಾಯಿತು. ಆದಿಕಾಂಡದಲ್ಲಿ ದೆಬೋರಳನ್ನು ಹೂಳಿದ ಮರದಡಿಗೆ ಅಲ್ಲೋನ್ ಬಾಕೂತ್ ಎಂಬ ಹೆಸರಿದೆ. ಕೀರ್ತನೆಯ ಕವಿಗೆ ಕಣ್ಣೀರೇ ಬೇಕಿದ್ದರೆ ಅದಕ್ಕೆ ತಕ್ಕ ರೂಪಗಳು ಭಾಷೆಯಲ್ಲಿ ಸಿದ್ಧವಾಗಿದ್ದವು. ಆದರೂ ಉಚ್ಚಾರದಲ್ಲಿ ಆಲೆಫ್‌ಗೂ ಹೇಗೂ ಪದದ ಕೊನೆಯಲ್ಲಿ ಅಂತರ ಅಳಿಸಿಹೋಗಿತ್ತು. ಕ್ರಿಸ್ತಪೂರ್ವದಲ್ಲೇ ಗ್ರೀಕಿಗೆ ಅನುವಾದಿಸಿದ ಯಹೂದಿಗಳು ಇದನ್ನು ಅಳುವಿನ ಕಣಿವೆ ಎಂದೇ ಕೇಳಿಸಿಕೊಂಡರು. ಲ್ಯಾಟಿನ್ ಅದನ್ನು ಹಿಂಬಾಲಿಸಿತು. ಕಣ್ಣೀರಿನ ಕಣಿವೆ ಎಂಬ ನುಡಿಗಟ್ಟು ಕ್ಯಾಥೊಲಿಕರ ಮರಿಯಮ್ ಸ್ತುತಿಯಾದ ‘ಸಾಲ್ವೆ ರೆಜೀನಾ’ದ ಮೂಲಕ ಯುರೋಪಿನ ಮನೆಮನೆಗೆ ಹೋಯಿತು. ಈ ಲೋಕವೇ ಕಣ್ಣೀರಿನ ಕಣಿವೆ ಎಂಬ ಭಾವ ಅಲ್ಲಿ ಬೇರೂರಿತು.

ಯಹೂದಿಗಳಲ್ಲೂ ಹಾಗೆಯೇ. ಹದಿನಾರನೆಯ ಶತಮಾನದಲ್ಲಿ ಯೋಸೆಫ್ ಹಕೋಹೆನ್, ಸ್ಪೇನಿನಿಂದ 1492ರಲ್ಲಿ ನಡೆದ ಉಚ್ಚಾಟನೆಯೂ ಸೇರಿದಂತೆ ತನ್ನ ಜನರ ಸಂಕಟಗಳ ಚರಿತ್ರೆ ಬರೆದು ಅದಕ್ಕೆ ‘ಏಮೆಕ್ ಹಬಾಖಾ’, ಬಾಕಾ ಕಣಿವೆ, ಎಂದೇ ಹೆಸರಿಟ್ಟರು. ಅದೇ ಶತಮಾನದಲ್ಲಿ ಸಫೇದ್ ಪಟ್ಟಣದ ಶ್ಲೋಮೊ ಅಲ್ಕಬೆಟ್ಜ್ ರಚಿಸಿದ, ಸಬ್ಬತ್ ಸಂಜೆ ಇಂದಿಗೂ ಹಾಡುವ ‘ಲೆಖಾ ದೋದಿ’ಯಲ್ಲಿ ಈ ಕಣಿವೆ ಪಾಳುಬಿದ್ದ ಜೆರುಸಲೇಮಿನ ದುಃಖವಾಗಿ ಬರುತ್ತದೆ. 1865ರಲ್ಲಿ ಬೈರೂತಿನಲ್ಲಿ ಪೂರ್ಣಗೊಂಡ ಅರಬಿ ಬೈಬಲ್ ಕೂಡ ಇದನ್ನು ‘ವಾದಿಲ್ ಬುಕಾ’ ಎಂದಿತು. ಇಷ್ಟು ಶತಮಾನ ಬಾಳಿದ ಅರ್ಥವನ್ನು ತಪ್ಪು ಎಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಆದರೆ ಅದು ಕೇಳುಗರು ಕೊಟ್ಟ ಅರ್ಥ. ಕವಿ ಬರೆದ ಅಕ್ಷರ ಬೇರೆ ಕಡೆಗೆ ಬೆರಳು ತೋರಿಸುತ್ತದೆ.

ಎಲ್ಲಿಗೆ? ಒಂದು ಮರದ ಕಡೆಗೆ. ಸಮುವೇಲನ ಎರಡನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ದಾವೂದ್(ಅ) ಫಿಲಿಷ್ಟಿಯರ ಎದುರು ನಿಂತಿದ್ದಾರೆ. ರೆಫಾಯೀಮ್ ಕಣಿವೆಯಲ್ಲಿ ಶತ್ರುಪಡೆ ಹರಡಿಕೊಂಡಿದೆ. ನೇರವಾಗಿ ಏರಿಹೋಗದೆ ಬಳಸಿಕೊಂಡು ಹೋಗಿ ‘ಬೆಕಾಯಿಮ್’ ಮರಗಳ ಎದುರು ಕಾದಿರು, ಮರಗಳ ತುದಿಯಲ್ಲಿ ಹೆಜ್ಜೆಯ ಸಪ್ಪಳ ಕೇಳಿದಾಗ ನುಗ್ಗು ಎಂದು ಅವರಿಗೆ ಆದೇಶವಾಗುತ್ತದೆ. ಬೆಕಾಯಿಮ್ ಎಂಬುದು ಬಾಕಾ ಪದದ ಬಹುವಚನ, ಅದೇ ಬೇತ್, ಕಾಫ್, ಆಲೆಫ್. ಗ್ರೀಕ್ ಅನುವಾದಕರ ಗೊಂದಲ ಇಲ್ಲಿ ಬಯಲಾಗುತ್ತದೆ. ಸಮುವೇಲನ ಗ್ರಂಥದಲ್ಲಿ ಅವರು ಇದನ್ನು ‘ಅಳುವಿನ ತಾಣ’ ಎಂದು ಅನುವಾದಿಸಿದರು. ಇದೇ ಕತೆ ಪೂರ್ವಕಾಲವೃತ್ತಾಂತದ ಗ್ರಂಥದಲ್ಲಿ ಮತ್ತೆ ಬಂದಾಗ ‘ಪೇರಳೆ ಜಾತಿಯ ಮರಗಳು’ ಎಂದರು. ಇಲ್ಲಿ ಪೇರಳೆ ಎಂದರೆ ನಮ್ಮ ಸೀಬೆಯಲ್ಲ, ಇಂಗ್ಲಿಷಿನವರ ಪೇರ್. 1611ರ ಇಂಗ್ಲಿಷ್ ಬೈಬಲಿಗೆ ಅದು ಹಿಪ್ಪುನೇರಳೆಯಾಯಿತು. ಈಚಿನ ಅನುವಾದಗಳಲ್ಲಿ ಬಾಲ್ಸಮ್ ಆಗಿದೆ, ಪಾಪ್ಲರ್ ಆಗಿದೆ. ಒಂದು ಮರ, ನಾಲ್ಕು ಹೆಸರು!

ಈ ಗೋಜಲನ್ನು ಬಿಡಿಸಲು ವಿದ್ವಾಂಸರು ಮೊರೆಹೋದದ್ದು ಅರಬಿ ನಿಘಂಟುಗಳಿಗೆ. ಇಬ್ನ್ ಮನ್‌ಝೂರರ ‘ಲಿಸಾನುಲ್ ಅರಬ್’ನಲ್ಲಿ ‘ಬಕಾ’ ಎಂಬ ಗಿಡದ ವಿವರವಿದೆ. ಅಲ್ಲಿ ಉಲ್ಲೇಖಿತರಾದ ಅಬೂ ಹನೀಫ (ಫಿಕ್‌ಹ್‌ನ ಇಮಾಮರಲ್ಲ, ಒಂಬತ್ತನೆಯ ಶತಮಾನದ ಸಸ್ಯಶಾಸ್ತ್ರಜ್ಞ ಅಬೂ ಹನೀಫ ದೀನವರಿ) ಇದು ಬಶಾಮ್ ಎಂಬ ಸುಗಂಧದ ಗಿಡದಂತೆಯೇ ಇರುತ್ತದೆ, ಬಲ್ಲವರಷ್ಟೇ ಎರಡನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲರು, ಕಡಿದರೆ ಬಿಳಿಯ ಹಾಲು ಸುರಿಸುತ್ತದೆ ಎಂದು ತಿಳಿಸುತ್ತಾರೆ. ಸ್ವೀಡನ್ನಿನ ಓಲೋಫ್ ಸೆಲ್ಸಿಯಸ್ 1745ರಿಂದ 1747ರವರೆಗೆ ಬೈಬಲಿನ ಸಸ್ಯಗಳ ಮೇಲೆ ಹೊರತಂದ ದೊಡ್ಡ ಗ್ರಂಥದಲ್ಲಿ ಹೀಬ್ರೂ ಮರವನ್ನು ಈ ಅರಬಿ ಗಿಡದೊಂದಿಗೆ ಜೋಡಿಸಿದ. ಹಾಗೆ ನೋಡಿದರೆ ಈ ಹಾದಿಯನ್ನು ಮೊದಲು ತುಳಿದವರು ಯುರೋಪಿಯನ್ನರಲ್ಲ. ಮುಸ್ಲಿಮ್ ಆಳ್ವಿಕೆಯ ನಾಡುಗಳಲ್ಲಿ ಅರಬಿಯನ್ನೇ ಮನೆಮಾತಾಗಿಸಿಕೊಂಡಿದ್ದ ಯಹೂದಿ ಪಂಡಿತರು, ಯಹೂದಾ ಇಬ್ನ್ ಕುರೈಶ್, ಹನ್ನೊಂದನೆಯ ಶತಮಾನದ ಇಬ್ನ್ ಜನಾಹ್ ಮೊದಲಾದವರು, ಬೈಬಲಿನ ಕಠಿಣ ಪದಗಳಿಗೆ ಅರಬಿಯಲ್ಲಿ ಅರ್ಥ ಹುಡುಕುವ ಪದ್ಧತಿಯನ್ನು ಬೆಳೆಸಿದ್ದರು. ನಮ್ಮ ವೇದಿಕೆಗಳಲ್ಲಿ ಅರಬಿಯ ಹೆಮ್ಮೆ ಹೇಳಿಕೊಳ್ಳಲು ಬಾಕಾ ಮತ್ತು ಬಕ್ಕದ ಹೋಲಿಕೆಗಿಂತ ಗಟ್ಟಿಯಾದ ಸಂಗತಿ ಇದು. ಯಾಕೋ ಇದನ್ನು ಯಾರೂ ಎತ್ತುವುದಿಲ್ಲ.

ಅರಬಿಯಿಂದಲೇ ಇನ್ನೊಂದು ಸುಳಿವೂ ಸಿಗುತ್ತದೆ. ಅಲ್ಲಿ ಬ-ಕ-ಅ ಎಂಬ, ಕೊನೆಯಲ್ಲಿ ಹಮ್‌ಝ ಇರುವ ಧಾತುವಿಗೆ ಒಂಟೆಯೋ ಕುರಿಯೋ ಹಾಲು ಬತ್ತಿಸಿಕೊಂಡಿತು ಎಂಬರ್ಥವಿದೆ. ಹೀಬ್ರೂ ಆಲೆಫ್‌ಗೆ ಅರಬಿಯ ಹಮ್‌ಝ ಕ್ರಮವಾಗಿ ಹೊಂದುವ ಅಕ್ಷರ. ಹಾಗಿದ್ದರೆ ಬಾಕಾ ಎಂದರೆ ಬತ್ತಿದ ಕಣಿವೆ. ಕೀರ್ತನೆಯ ವಚನಕ್ಕೆ ಈ ಅರ್ಥ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ: ಬತ್ತಿದ ಕಣಿವೆ ಒರತೆಗಳ ತಾಣವಾಯಿತು. ಕಣ್ಣೀರಿನ ಕಣಿವೆ ಒರತೆಯಾಯಿತು ಎನ್ನುವಲ್ಲಿ ನೀರು ಈಗಾಗಲೇ ಇದೆ, ಪವಾಡ ತೆಳ್ಳಗಾಗುತ್ತದೆ. ಮರ, ಬತ್ತಿದ ನೆಲ ಇವೆರಡರಲ್ಲಿ ಒಂದು ಮೂಲಾರ್ಥ ಎಂಬುದು ನಮ್ಮ ಅಭಿಪ್ರಾಯ. ಅಂಟು ಸುರಿಸುವ ಇಂಥ ಗಿಡಗಳು ಒಣನೆಲದಲ್ಲೇ ಬೆಳೆಯುವುದರಿಂದ ಎರಡೂ ಅರ್ಥ ಕವಿಯ ಮನಸ್ಸಿನಲ್ಲಿ ಒಟ್ಟಿಗೇ ಇದ್ದರೂ ಆಶ್ಚರ್ಯವಿಲ್ಲ.

ಇನ್ನೂ ಒಂದು ಸಣ್ಣ ವಿಷಯ ದೊಡ್ಡ ತೂಕದ್ದು. ಹೀಬ್ರೂವಿನಲ್ಲಿ ‘ಹ’ ಎಂಬ ಉಪಪದವಿದೆ, ಅರಬಿಯ ‘ಅಲ್’ ಇದ್ದಂತೆ. ಕೀರ್ತನೆಯಲ್ಲಿರುವುದು ‘ಹಬಾಖಾ’. ಹೀಬ್ರೂವಿನಲ್ಲಿ ಊರುಗಳ ಅಂಕಿತನಾಮಕ್ಕೆ ಸಾಮಾನ್ಯವಾಗಿ ಈ ಉಪಪದ ಹತ್ತುವುದಿಲ್ಲ. ಯೊರ್ದಾನ್, ಲೆಬನೋನ್‌ಗಳಂಥ ಅಪವಾದಗಳುಂಟು, ಆದರೆ ಅವು ನದಿ ಮತ್ತು ಬೆಟ್ಟಗಳ ಹೆಸರುಗಳು. ಆದ್ದರಿಂದ ಇದು ‘ಬಾಕಾ ಎಂಬ ಊರಿನ ಕಣಿವೆ’ ಎನ್ನುವುದಕ್ಕಿಂತ ‘ಆ ಬಾಕಾ ಮರದ ಕಣಿವೆ’ ಅಥವಾ ‘ಆ ಒಣಗಿದ ಕಣಿವೆ’ ಎನ್ನುವುದಕ್ಕೆ ಹತ್ತಿರ. ಅತ್ತ ಕುರ್‌ಆನಿನ ಬಕ್ಕಕ್ಕೆ ‘ಅಲ್’ ಇಲ್ಲ. ಅದು ಶುದ್ಧ ಅಂಕಿತನಾಮ.

ಬಕ್ಕವನ್ನು ನಮ್ಮ ಹಿರಿಯ ವ್ಯಾಖ್ಯಾನಕಾರರು ಹೇಗೆ ಅರ್ಥೈಸಿದರು? ತಬರಿಯವರು ಅದನ್ನು ಜನ ನೂಕುನುಗ್ಗಲಾಗುವುದು ಎಂಬರ್ಥದ ‘ಬಕ್ಕ’ ಕ್ರಿಯಾಪದಕ್ಕೆ ಜೋಡಿಸಿ, ತವಾಫ್‌ನಲ್ಲಿ ಜನಸಂದಣಿ ಸೇರುವ ಆಲಯದ ಸ್ಥಳ ಬಕ್ಕ, ಅದರಾಚೆಗಿನದು ಮಕ್ಕ ಎನ್ನುತ್ತಾರೆ. ಝಮಖ್ಶರಿಯವರಿಗೆ ಮಕ್ಕ, ಬಕ್ಕ ಒಂದೇ ಹೆಸರಿನ ಎರಡು ಉಚ್ಚಾರಗಳು. ಅರಬಿಯಲ್ಲಿ ಮಕಾರ ಬಕಾರಗಳು ಕೆಲವೆಡೆ ಅದಲುಬದಲಾಗುತ್ತವೆ, ಲಾಝಿಬ್ ಮತ್ತು ಲಾಝಿಮ್ ಇದ್ದಂತೆ. ಈ ಎರಡು ವಿವರಣೆಗಳಲ್ಲಿ ಯಾವುದನ್ನು ಒಪ್ಪಿದರೂ ಹೆಸರು ಅರಬಿಯೊಳಗೇ ಹುಟ್ಟಿ ಬೆಳೆದದ್ದು. ಅಳುವೂ ಇಲ್ಲ, ಮರವೂ ಇಲ್ಲ. ಬಕ್ಕ ಎಂಬುದು ಮಕ್ಕದ ಇನ್ನೊಂದು ಉಚ್ಚಾರ ಎಂದು ಒಂದು ಪುಟದಲ್ಲಿ ಬರೆದು, ಮುಂದಿನ ಪುಟದಲ್ಲಿ ಅದು ಝಬೂರಿನ ಬಾಕಾ ಎಂದು ಬರೆಯುವವರು ಎರಡು ದೋಣಿಯಲ್ಲಿ ಕಾಲಿಟ್ಟಿರುತ್ತಾರೆ. ಮೊದಲನೆಯದು ನಿಜವಾದರೆ ಬಕಾರ ಬಂದದ್ದೇ ಅರಬರ ನಾಲಗೆಯ ರೂಢಿಯಿಂದ. ಆಗ ಹೀಬ್ರೂ ಪದದೊಂದಿಗಿನ ಹೋಲಿಕೆ ಆಕಸ್ಮಿಕ.

ಕೀರ್ತನೆಯನ್ನು ಪೂರ್ತಿ ಓದಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಏಳನೆಯ ವಚನದಲ್ಲಿ ಯಾತ್ರಿಕರು ಹೋಗಿ ಸೇರುವ ಜಾಗದ ಹೆಸರಿದೆ: ಸಿಯೋನ್, ಎಂದರೆ ಜೆರುಸಲೇಮ್. ಬಾಕಾ ದಾರಿಯಲ್ಲಿ ಸಿಗುವ ಕಣಿವೆಯೇ ಹೊರತು ಗುರಿಯಲ್ಲ. ಕಿರುಹೊತ್ತಗೆಗಳು ಆರನೆಯ ವಚನಕ್ಕೆ ನಿಂತುಬಿಡುವುದು ಇದೇ ಕಾರಣಕ್ಕೆ. ಸಿಯೋನ್ ಎಂಬುದು ಅನಂತರ ಸೇರಿಸಿದ್ದು ಎಂದು ಕೆಲವರು ಹೇಳುವುದುಂಟು. ಆದರೆ ಆ ಹೆಸರಿಲ್ಲದ ಹಸ್ತಪ್ರತಿಯನ್ನು ಯಾರೂ ಮುಂದಿಟ್ಟಿಲ್ಲ. ಬೇಕಾದ ಸಾಲು ಸುರಕ್ಷಿತ, ಬೇಡವಾದ ಸಾಲು ತಿದ್ದಿದ್ದು ಎನ್ನುವುದು ವಿಮರ್ಶೆಯಲ್ಲ, ಅನುಕೂಲ. ಹಾಡಿನ ಕರ್ತೃತ್ವದ ಬಗೆಗೂ ಎಚ್ಚರ ಬೇಕು. ಶಿರೋಲೇಖದಲ್ಲಿರುವುದು ದಾವೂದ್(ಅ)ರ ಹೆಸರಲ್ಲ, ಕೋರಹನ ವಂಶಜರದು. ಈ ಕೋರಹನನ್ನೇ ಕುರ್‌ಆನಿನ ಕಾರೂನ್ ಎಂದು ಗುರುತಿಸಲಾಗುತ್ತದೆ. ಸಂಪತ್ತಿನ ಸೊಕ್ಕಿನಿಂದ ಭೂಮಿಯೊಳಗೆ ಹುದುಗಿಹೋದ ಕಾರೂನನ ಪೀಳಿಗೆಯವರು ದೇವಭವನದ ಬಾಗಿಲು ಕಾಯುವ ಭಾಗ್ಯಕ್ಕೆ ಹಂಬಲಿಸುತ್ತಾರೆ. ಈ ಹಾಡಿನಲ್ಲಿ ಮುಸ್ಲಿಮ್ ಓದುಗನನ್ನು ಹಿಡಿದು ನಿಲ್ಲಿಸಬೇಕಾದದ್ದು ಇದು. ನಾವೋ ಎರಡಕ್ಷರವನ್ನು ಕಿತ್ತುಕೊಂಡು ಹೊರಬಂದಿದ್ದೇವೆ.

ನಾವು ಇಷ್ಟು ನಿಷ್ಠುರವಾಗಿ ಬರೆಯಲು ಕಾರಣವಿದೆ. ಬಕ್ಕದ ಸೂಕ್ತಕ್ಕೆ ಮೂರು ಸೂಕ್ತಗಳ ಹಿಂದೆ, ಅದೇ ಆಲಿ ಇಮ್ರಾನ್ ಅಧ್ಯಾಯದಲ್ಲಿ, ಆಹಾರದ ನಿಷೇಧಗಳ ಚರ್ಚೆ ಬಂದಾಗ ಕುರ್‌ಆನ್ ಎದುರಾಳಿಗಳಿಗೆ ಒಡ್ಡುವ ಸವಾಲು ತೌರಾತನ್ನು ತಂದು ಓದಿ ತೋರಿಸಬೇಕೆಂಬುದು. ಪಠ್ಯವನ್ನು ತೆರೆದಿಟ್ಟು ಓದಬೇಕೆಂದು ಇತರರನ್ನು ಕೇಳುವ ಗ್ರಂಥದ ಅನುಯಾಯಿಗಳು ತಾವೂ ಪಠ್ಯವನ್ನು ತೆರೆದಿಟ್ಟೇ ಓದಬೇಕು. ಕಅಬಾದ ಪ್ರಾಚೀನತೆ ಮುಸ್ಲಿಮರಿಗೆ ಕುರ್‌ಆನಿನ ಮಾತಿನಿಂದ ಸಿದ್ಧವಾದದ್ದು. ಹೀಬ್ರೂ ಪದವೊಂದರ ಮೇಲೆ ಅದನ್ನು ನಿಲ್ಲಿಸಿದರೆ ಆ ಪದ ಜಾರಿದ ದಿನ ಕೇಳುಗನ ಮನಸ್ಸಿನಲ್ಲಿ ಕಅಬಾವೂ ಜಾರುತ್ತದೆ.

ಸದ್ದಿನ ಹೋಲಿಕೆ ಯಾರ ಕೈಗೂ ಒದಗುವ ಆಯುಧ. ಡಚ್ ವಿದ್ವಾಂಸ ರೈನ್‌ಹಾರ್ಟ್ ಡೋಝಿ 1864ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ದಾವೂದ್(ಅ)ರ ಕಾಲದಲ್ಲಿ ಇಸ್ರಾಯೇಲರ ಸಿಮೆಯೋನ್ ಕುಲದವರು ವಲಸೆ ಹೋಗಿ ಮಕ್ಕದ ಆರಾಧನಾ ಕೇಂದ್ರವನ್ನು ಸ್ಥಾಪಿಸಿದರೆಂದು ವಾದಿಸಿದ. ಅವನ ಆಧಾರಗಳಲ್ಲೂ ಹೆಸರುಗಳ ಹೋಲಿಕೆಗೆ ದೊಡ್ಡ ಪಾಲಿತ್ತು. ವಿದ್ವತ್‌ಲೋಕ ಅದನ್ನು ಒಪ್ಪಲಿಲ್ಲ. ಕುರ್‌ಆನ್ ಬಕ್ಕ ಎಂಬ ಹೆಸರನ್ನು ಕೀರ್ತನೆಯಿಂದಲೇ ಎರವಲು ಪಡೆಯಿತು ಎನ್ನುವವರೂ ಇದ್ದಾರೆ. ಅವರ ಮತ್ತು ನಮ್ಮ ಕಿರುಹೊತ್ತಗೆಗಳ ತೀರ್ಮಾನ ತದ್ವಿರುದ್ಧ, ಕೈಯಲ್ಲಿರುವ ಆಧಾರ ಮಾತ್ರ ಒಂದೇ.

ಇದೇ ವಚನದ ಕೊನೆಯಲ್ಲಿ ಇನ್ನೆರಡು ಪದಗಳು ಬಾಕಾದಷ್ಟೇ ಜಾರುಬಂಡೆಯಾಗಿವೆ. ‘ಮೋರೆ’ ಎಂದರೆ ಹಿಂಗಾರಿಗೂ ಮುನ್ನ ಬೀಳುವ ನಮ್ಮ ಮಳೆಗಳಂತೆ ಉತ್ತುವವನು ಕಾಯುವ ಮೊದಲ ಮಳೆ. ಗುರು, ಬೋಧಕ ಎಂಬರ್ಥವೂ ಅದಕ್ಕಿದೆ. ಗ್ರೀಕ್ ಅನುವಾದಕರು ‘ಶಾಸನಕರ್ತ’ ಎಂದೇ ಓದಿದರು. ಸ್ವರಚಿಹ್ನೆಗಳಿಲ್ಲದೆ ಬರೆದ ‘ಬ್ರಖೋತ್’ ಎಂಬುದನ್ನು ಆಶೀರ್ವಾದಗಳು ಎಂದು ಓದಬಹುದು, ಅರಬಿಯ ಬರಕತ್ ಇದ್ದಂತೆ. ಕೊಳಗಳು ಎಂದೂ ಓದಬಹುದು, ಅರಬಿಯ ಬಿರ್ಕ ಇದ್ದಂತೆ. ಮಳೆ ಬಂದು ಕಣಿವೆಯಲ್ಲಿ ಕೊಳಗಳು ತುಂಬಿದವು. ಗುರು ಬಂದು ಕಣಿವೆಯನ್ನು ಹರಸಿದ. ಅದೇ ಅಕ್ಷರಗಳು ಎರಡು ಲೋಕಗಳನ್ನು ಹಿಡಿದಿಟ್ಟಿವೆ. ಕಣಿವೆ, ಒರತೆ ಎಂದೆಲ್ಲ ನಡೆದುಬಂದ ಸಾಲಿಗೆ ಮಳೆಯೇ ಸಹಜ ಎಂದು ನಮಗೆ ತೋರುತ್ತದೆ. ಶಾಸನಕರ್ತನನ್ನು ಹಿಡಿದು ಮತ್ತೊಂದು ಕಿರುಹೊತ್ತಗೆ ಬರೆಯುವವರು ಗ್ರೀಕ್ ಅನುವಾದಕರು ಅದೇ ಉಸಿರಿನಲ್ಲಿ ಬಾಕಾವನ್ನು ಅಳು ಎಂದಿರುವುದನ್ನೂ ಒಪ್ಪಬೇಕಾಗುತ್ತದೆ.

ದಾವೂದ್(ಅ) ಮರಗಳ ಸಪ್ಪಳಕ್ಕೆ ಕಿವಿಗೊಟ್ಟು ಕಾದ ರೆಫಾಯೀಮ್ ಕಣಿವೆಯನ್ನು ಜೆರುಸಲೇಮಿನ ನೈಋತ್ಯದ ಬಯಲೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಕೀರ್ತನೆಯ ಕಣಿವೆಯೂ ಅದರ ಆಸುಪಾಸಿನದೇ ಇರಬಹುದೆಂದು ಊಹಿಸಿದವರಿದ್ದಾರೆ. ಈಗ ಅಲ್ಲಿ ಏಮೆಕ್ ರೆಫಾಯೀಮ್ ಎಂಬ ಗಿಜಿಗುಡುವ ಬೀದಿಯಿದೆ. ಅದರ ಮಗ್ಗುಲಿನ ಬಡಾವಣೆಯ ಅರಬಿ ಹೆಸರು ‘ಅಲ್ ಬಕ್‌ಅ’. ಗಂಟಲ ಕ, ಕೊನೆಯಲ್ಲಿ ಐನ್, ತಗ್ಗುಬಯಲು ಎಂದರ್ಥ. ಕೀರ್ತನೆಯ ಮರಕ್ಕಾಗಲಿ ಕಣ್ಣೀರಿಗಾಗಲಿ ಆ ಹೆಸರಿನ ಸಂಬಂಧವಿಲ್ಲ. 1948ರ ಯುದ್ಧದಲ್ಲಿ ಅಲ್ಲಿನ ಅರಬರು ಮನೆಗಳನ್ನು ಬಿಟ್ಟು ಹೋಗಬೇಕಾಯಿತು, ಆ ಮನೆಗಳಿಗೆ ಬೇರೆಯವರು ಬಂದರು. ಬಡಾವಣೆಗೆ ಗೆಉಲಿಮ್ ಎಂಬ ಅಧಿಕೃತ ಹೀಬ್ರೂ ಹೆಸರನ್ನಿಟ್ಟರೂ ಅದು ಜನರ ನಾಲಗೆಗೆ ಹತ್ತಲಿಲ್ಲ. ಹಳೆಯ ಅರಬಿ ಹೆಸರೇ ಇಂದಿಗೂ ನಡೆಯುತ್ತಿದೆ. ಆದರೆ ಗಂಟಲ ಕಕಾರವೂ ಐನ್ ಕೂಡ ಇಂದಿನ ಹೀಬ್ರೂ ಮಾತಿನಲ್ಲಿ ಸವೆದುಹೋಗಿರುವುದರಿಂದ ಅಲ್ಲಿಯವರು ಅದನ್ನು ಕರೆಯುವುದು ಬಾಕಾ ಎಂದು.